ಅವರೂ ತಮಿಳರು, ಇವರೂ ತಮಿಳರು, ಮತ್ಯಾಕೆ ಭಯ? ‘ಟೂರಿಸ್ಟ್ ಫ್ಯಾಮಿಲಿ’ ನೋಡುವವರಿಗೆ ಒಂದಿಷ್ಟು ಹಿನ್ನೆಲೆ

ಸಿನಿಮಾ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಅಮ್ಮ ರಿಮೋಟ್ ಇಸಿದುಕೊಂಡು ನಿಲ್ಲಿಸಿಯೇಬಿಟ್ಟರು. “ಅಲ್ವೋ, ಅವರೂ ತಮಿಳು ಮಾತಾಡ್ತಾರೆ, ಇವರೂ ತಮಿಳು ಮಾತಾಡ್ತಾರೆ. ಮತ್ಯಾಕೆ ಆ ಮನುಷ್ಯ ಬಾಯಿ ಬಿಡಬೇಡಿ ಅಂತಿದಾನೆ?”

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ಹೊರಟೆ. ಮೊದಲು ಭಾಷೆ ಬಂತು, ಆಮೇಲೆ ಸಮುದ್ರ, ಆಮೇಲೆ ಡಾಲರು, ಕೊನೆಗೆ ಪೌರತ್ವ ಕಾಯ್ದೆ. ಅಷ್ಟರಲ್ಲಿ ರಾತ್ರಿ ಹತ್ತೂವರೆ. ಉಳಿದ ಸಿನಿಮಾ ಮರುದಿನಕ್ಕೆ ಹೋಯಿತು. ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ಮೂರ್ನಾಲ್ಕು ಜನ ಕೇಳಿದರು. ಹಾಗಾಗಿ ಅಮ್ಮನಿಗೆ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಇಷ್ಟು ಗೊತ್ತಿದ್ದರೆ ಸಾಕು

‘ಟೂರಿಸ್ಟ್ ಫ್ಯಾಮಿಲಿ’ 2025ರ ಮೇ 1ರಂದು ತೆರೆಕಂಡ ತಮಿಳು ಚಿತ್ರ. ನಿರ್ದೇಶಕ ಅಭಿಷನ್ ಜೀವಿಂತ್‌ಗೆ ಇದು ಮೊದಲ ಸಿನಿಮಾ. ಶಶಿಕುಮಾರ್ ಮತ್ತು ಸಿಮ್ರನ್ ಗಂಡ ಹೆಂಡತಿ. ಅವರಿಗೆ ಇಬ್ಬರು ಗಂಡು ಮಕ್ಕಳು. ಹೆಂಡತಿಯ ಸೋದರನಾಗಿ ಯೋಗಿ ಬಾಬು. ಸಣ್ಣ ಖರ್ಚಿನಲ್ಲಿ ಮಾಡಿದ ಈ ಚಿತ್ರ ಬಾಯಿಂದ ಬಾಯಿಗೆ ಹರಡಿ ದೊಡ್ಡದಾಗಿ ಗೆದ್ದಿತು. ರಾಜಮೌಳಿ ಕೂಡ ನೋಡಿ ಹೊಗಳಿದರು. ಆಮೇಲೆ ಒಟಿಟಿಗೆ ಬಂದು, ತಮಿಳು ಗೊತ್ತಿಲ್ಲದವರ ಮನೆಗಳಿಗೂ ಹೊಕ್ಕಿತು.

ಶ್ರೀಲಂಕಾದಲ್ಲಿ ಬದುಕು ಕಷ್ಟವಾಗಿ ಈ ಕುಟುಂಬ ರಾತ್ರೋರಾತ್ರಿ ದೋಣಿ ಹತ್ತಿ ರಾಮೇಶ್ವರದ ಕಡೆ ಬಂದಿಳಿಯುತ್ತದೆ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. ಚೆನ್ನೈಗೆ ಬಂದು ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತದೆ. ಯಾರಾದರೂ ಕೇಳಿದರೆ ಕೇರಳದವರು ಅಂತ ಹೇಳಬೇಕು ಅನ್ನುವುದು ಸೋದರಮಾವನ ಅಪ್ಪಣೆ. ಆ ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಈ ಹೊಸಬರಿಗೋ, ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುವ ಖಾಯಿಲೆ. ಅಡಗಿಕೊಂಡು ಇರಬೇಕಾದವರೇ ಬೀದಿಗೆಲ್ಲ ಪರಿಚಯವಾಗುತ್ತಾ ಹೋಗುತ್ತಾರೆ. ನಗು ಹುಟ್ಟುವುದೇ ಇಲ್ಲಿ. ಭಯ ಹುಟ್ಟುವುದೂ ಇಲ್ಲೇ.

ಹೆಸರಿನಲ್ಲೇ ಒಂದು ಕುಚೋದ್ಯ ಇದೆ. ಟೂರಿಸ್ಟ್ ಅಂದರೆ ವೀಸಾ ಹಾಕಿಸಿಕೊಂಡು, ತಿರುಗಾಡಿ, ವಾಪಸ್ ಹೋಗುವವನು. ಇವರು ಆ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ.

ವಠಾರದ ನಲ್ಲಿಯ ಹಾಸ್ಯ

ಇಂಥ ಸಿನಿಮಾಗಳಲ್ಲಿ ‘ಹೀರೋ ಯಾರು’ ಅಂತ ಕೇಳಿದರೆ ಉತ್ತರ ಸರಿಯಾಗಿ ಸಿಗುವುದಿಲ್ಲ. ಹತ್ತು ಹನ್ನೆರಡು ಪಾತ್ರಗಳಿರುತ್ತವೆ, ಎಲ್ಲರಿಗೂ ಒಂದೊಂದು ತುಂಡು ಕಥೆ ಇರುತ್ತದೆ. ಬಹುಪಾತ್ರದ ಹಾಸ್ಯ ಅನ್ನಬಹುದು. ನನಗೆ ಇದು ವಠಾರದ ನಲ್ಲಿಯನ್ನು ನೆನಪಿಸುತ್ತದೆ. ನೀರು ಬರುವುದು ಒಂದೇ ಗಂಟೆ, ಕೊಡಗಳು ಹದಿನೈದು. ನಲ್ಲಿಗೆ ತನ್ನದೇ ಕಥೆ ಏನೂ ಇಲ್ಲ. ಆದರೆ ಸಾಲಿನಲ್ಲಿ ನಿಂತವರ ನಡುವೆ ಏನೇನೋ ಆಗುತ್ತದೆ.

ಈ ಹಾಸ್ಯ ಹೇಗೆ ಕೆಲಸ ಮಾಡುತ್ತದೆ ಅಂದರೆ, ಯಾರಿಗೆ ಎಷ್ಟು ಗೊತ್ತು ಅನ್ನುವುದರ ಮೇಲೆ. ನೋಡುವ ನಮಗೆ ಗುಟ್ಟು ಪೂರ್ತಿ ಗೊತ್ತು. ಮನೆಯವರಿಗೆ ಗೊತ್ತು. ನೆರೆಯವರಲ್ಲಿ ಒಬ್ಬರಿಗೆ ಕಾಲು ಭಾಗ, ಇನ್ನೊಬ್ಬರಿಗೆ ಅರ್ಧ, ಪೊಲೀಸರಿಗೆ ಬರೀ ಅನುಮಾನ. ಹೀಗಿರುವಾಗ ‘ಯಾವ ಊರು ನಿಮ್ಮದು’ ಅನ್ನುವ ಸಾದಾ ಪ್ರಶ್ನೆಯೂ ಎದೆ ಝಲ್ ಅನ್ನಿಸುತ್ತದೆ. ಸಾಲದ್ದಕ್ಕೆ ಬಾಡಿಗೆಗೆ ಸಿಕ್ಕ ಮನೆಯ ಮಾಲೀಕನೇ ಪೊಲೀಸು. ಇನ್ನೇನು ಬೇಕು?

ತಮಿಳಿನಲ್ಲಿ ಇದಕ್ಕೆ ಹಳೆಯ ವಂಶಾವಳಿ ಇದೆ. ನಮ್ಮ ವಠಾರದ ಹಾಗೆ ಹಲವು ಸಂಸಾರ ಒಂದೇ ಕಟ್ಟಡದಲ್ಲಿ ಒತ್ತಿಕೊಂಡು ಇರುವುದನ್ನು ಅವರು ‘ಒಂಡುಕ್ಕುಡಿತ್ತನಂ’ ಅನ್ನುತ್ತಾರೆ. 1968ರಲ್ಲಿ ಕೆ. ಬಾಲಚಂದರ್ ತಮ್ಮದೇ ನಾಟಕವನ್ನು ‘ಎದಿರ್ ನೀಚಲ್’ ಅಂತ ಸಿನಿಮಾ ಮಾಡಿದಾಗ ಇಡೀ ಕಥೆಯನ್ನು ಇಂಥ ಒಂದು ಮನೆಯಲ್ಲೇ ಇಟ್ಟರು. ಅಲ್ಲಿ ಎಲ್ಲರಿಗೂ ಬಿಟ್ಟಿ ಕೆಲಸ ಮಾಡಿಕೊಡುವ ಅನಾಥ ಹುಡುಗನಾಗಿ ನಾಗೇಶ್ ಇದ್ದರು. ಅದರಲ್ಲಿ ನಮ್ಮ ಜಯಂತಿಯವರೂ ಇದ್ದಾರೆ. ಸದಾ ಕೆಮ್ಮುವ ಒಬ್ಬ ತಾತನ ಪಾತ್ರವೂ ಇದೆ. ಕೆಮ್ಮು ಮಾತ್ರ ಕೇಳಿಸುತ್ತದೆ, ತಾತ ಕಾಣಿಸುವುದಿಲ್ಲ! ವಠಾರದಲ್ಲಿ ಇದ್ದವರಿಗೆ ಇದು ಎಷ್ಟು ನಿಜ ಅಂತ ಗೊತ್ತು.

ಆ ಕಾಲದ ಹಾಸ್ಯಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಆಗ ಗೋಡೆ ತೆಳು, ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತಿತ್ತು. ಈಗ ಗೇಟು, ಗ್ರಿಲ್ಲು, ಕ್ಯಾಮೆರಾ. ಎದುರು ಮನೆಯವರ ಹೆಸರು ನನಗೆ ಗೊತ್ತಾಗಿದ್ದು ಕೊರಿಯರ್ ಹುಡುಗ ತಪ್ಪಿ ನಮ್ಮ ಮನೆಯ ಬೆಲ್ ಒತ್ತಿದಾಗ.

ಬಾಯಿ ಬಿಟ್ಟರೆ ಸಿಕ್ಕಿಬೀಳುವ ತಮಿಳು

ಈಗ ಅಮ್ಮನ ಪ್ರಶ್ನೆಗೆ ಬರೋಣ. ಧಾರವಾಡದವರೊಬ್ಬರು ಮೈಸೂರಿನ ಹೋಟೆಲಿನಲ್ಲಿ ಕೂತು “ಒಂದ್ ಪ್ಲೇಟ್ ಇಡ್ಲಿ ಕೊಡ್ರಿ” ಅಂದರೆ ಸಾಕು, ಯಾವ ಕಡೆಯವರು ಅಂತ ತಿಳಿಯುತ್ತದೆ. ಕುಂದಾಪುರದವರು ಬಾಯಿ ತೆರೆದರೂ ಅಷ್ಟೇ. ಶ್ರೀಲಂಕಾದ, ಅದರಲ್ಲೂ ಯಾಳ್ಪಾಣಂ ಅಂದರೆ ಜಾಫ್ನಾ ಕಡೆಯ ತಮಿಳು ಚೆನ್ನೈಯವರ ಕಿವಿಗೆ ಅದಕ್ಕಿಂತ ಜಾಸ್ತಿ ದೂರ.

ಕೆಲವು ಪದ ನೋಡಿ. ಚೆನ್ನೈಯವರು ಹೌದು ಅನ್ನಲು ‘ಆಮಾ’ ಅನ್ನುತ್ತಾರೆ. ಅಲ್ಲಿಯವರು ‘ಓಂ’ ಅನ್ನುತ್ತಾರೆ. ಹೌದು, ಓಂಕಾರದ ಹಾಗೇ ಕೇಳುತ್ತದೆ. ಮಾತಾಡುವುದಕ್ಕೆ ಇಲ್ಲಿ ‘ಪೇಸುರದು’, ಅಲ್ಲಿ ‘ಕದೈಕ್ಕಿರದು’. ಮೂಲದಲ್ಲಿ ಇರುವುದು ನಮ್ಮ ‘ಕಥೆ’ಯೇ. ನಾವು ಕಥೆ ಹೇಳುತ್ತೇವೆ, ಅವರಿಗೆ ಮಾತೆಲ್ಲ ಕಥೆ. ಅರ್ಥವಾಯಿತಾ ಅಂತ ಕೇಳಲು ಇಲ್ಲಿ ‘ಪುರಿಯುದಾ’, ಅಲ್ಲಿ ‘ವಿಳಂಗುದಾ’. ಬಡಿಸುವಾಗ ಸಾಕು ಅನ್ನಲು ಇಲ್ಲಿ ‘ಪೋದುಂ’, ಅಲ್ಲಿ ‘ಕಾಣುಂ’. ಚೆಂದ ಅನ್ನುವುದಕ್ಕೆ ಅಲ್ಲಿ ‘ವಡಿವು’.

ಇಷ್ಟೊಂದು ಬೇರೆಯಾಗಿದ್ದು ಹೇಗೆ? ನಡುವೆ ಸಮುದ್ರ ಇದೆ, ಆಚೆ ದಡದ ತಮಿಳು ನೂರಾರು ವರ್ಷ ತನ್ನ ಪಾಡಿಗೆ ಬೆಳೆಯಿತು. ಹಳೆಯ ಪದಗಳನ್ನು ಉಳಿಸಿಕೊಂಡಿತು. 1619ರಲ್ಲಿ ಜಾಫ್ನಾ ರಾಜ್ಯ ಪೋರ್ಚುಗೀಸರ ಕೈಗೆ ಹೋಯಿತು, ಆಮೇಲೆ ಡಚ್ಚರು ಬಂದರು, ಆಮೇಲೆ ಇಂಗ್ಲಿಷರು. ಹಾಗಾಗಿ ಅಲ್ಲಿ ಅಡುಗೆಮನೆಗೆ ‘ಕುಸಿನಿ’, ಬ್ರೆಡ್ಡಿಗೆ ‘ಪಾಣ್’, ಕುರ್ಚಿಗೆ ‘ಕದಿರೈ’. ಎಲ್ಲ ಪೋರ್ಚುಗೀಸ್ ಮೂಲದವು. ನಮ್ಮ ‘ಚಾವಿ’ ಬಂದಿದ್ದೂ ಅದೇ ಹಡಗಿನಲ್ಲಿ ಅನ್ನಿ.

ಇತ್ತ ಚೆನ್ನೈ ತಮಿಳು ತೆಲುಗು, ಉರ್ದು, ಇಂಗ್ಲಿಷು ಎಲ್ಲದರ ಜೊತೆ ಬೆರೆಯಿತು. ಚೆನ್ನೈಯ ಬೀದಿ ಮಾತಿನಲ್ಲಿ ನಮ್ಮ ‘ಬೇಜಾರು’ ಇದೆ, ‘ಗಲೀಜು’ ಇದೆ. ಒಂದು ಲೆಕ್ಕದಲ್ಲಿ ಬೆಂಗಳೂರಿನವರಿಗೆ ಚೆನ್ನೈ ತಮಿಳೇ ಹತ್ತಿರ.

ಹಾಗಿದ್ದರೆ ಕೇರಳದ ನೆಪ ಯಾಕೆ? ಜಾಫ್ನಾ ತಮಿಳಿನ ರಾಗ, ಎಳೆತ ಕೇಳಿದ ತಮಿಳುನಾಡಿನವರಲ್ಲಿ ಹಲವರು ಅದನ್ನು ಮಲಯಾಳಿಗಳು ಮಾತಾಡುವ ತಮಿಳು ಅಂದುಕೊಳ್ಳುವುದು ಉಂಟು. ಈ ತಪ್ಪು ಕೇಳಿಸಿಕೊಳ್ಳುವಿಕೆಯನ್ನೇ ಸಿನಿಮಾ ಬೇಲಿಯ ಹಾಗೆ ಬಳಸಿಕೊಂಡಿದೆ. ಸಬ್‌ಟೈಟಲ್ ಓದಿಕೊಂಡು ನೋಡುವವರಿಗೆ ಇದು ಪೂರ್ತಿ ತಪ್ಪಿಹೋಗುತ್ತದೆ. ಅಕ್ಷರದಲ್ಲಿ ‘ಓಂ’ ಕೂಡ ‘ಹೌದು’, ‘ಆಮಾ’ ಕೂಡ ‘ಹೌದು’. ಅಮ್ಮನಿಗೆ ಗೊಂದಲವಾಗಿದ್ದು ಇದಕ್ಕೇ. ಸಾಧ್ಯವಾದರೆ ಮೂಲ ತಮಿಳಿನಲ್ಲೇ ಕೇಳಿ, ಅರ್ಥ ಆಗದಿದ್ದರೂ ರಾಗ ಗೊತ್ತಾಗುತ್ತದೆ.

ತೋಟ ಇದ್ದೂ ಪೇಟೆಯಲ್ಲಿ ಸಾಮಾನು ಸಿಗದ ಮನೆ

ಸರಿ, ಊರು ಬಿಟ್ಟಿದ್ದು ಯಾಕೆ? ಶ್ರೀಲಂಕಾ ಅಂದ ಕೂಡಲೇ ನಮಗೆ ನೆನಪಾಗುವುದು ಅಲ್ಲಿನ ಸರ್ಕಾರಕ್ಕೂ, ತಮಿಳರಿಗೆ ಬೇರೆ ದೇಶ ಬೇಕು ಅಂತ ಬಂದೂಕು ಹಿಡಿದ ಎಲ್‌ಟಿಟಿಇಗೂ ನಡೆದ ಯುದ್ಧ. ಆದರೆ ಯುದ್ಧ 2009ರ ಮೇ ತಿಂಗಳಲ್ಲೇ ಮುಗಿಯಿತು. ಈ ಕುಟುಂಬ ಓಡಿ ಬಂದಿದ್ದು ಬಾಂಬಿಗೆ ಹೆದರಿ ಅಲ್ಲ, ಬೆಲೆಗೆ ಹೆದರಿ.

ಒಂದು ಮನೆ ಅಂದುಕೊಳ್ಳಿ. ತೋಟ ಇದೆ, ಹಸು ಇದೆ. ಆದರೆ ಪೇಟೆಯ ಅಂಗಡಿಯವನು ಒಂದೇ ಬಗೆಯ ಹಸಿರು ನೋಟು ತಗೊಳ್ಳುತ್ತಾನೆ. ಸೀಮೆಎಣ್ಣೆ, ಗ್ಯಾಸ್, ಔಷಧಿ, ಹಾಲಿನ ಪುಡಿ, ಕೊನೆಗೆ ಕಾಗದವೂ ಆ ಅಂಗಡಿಯಲ್ಲೇ ಸಿಗುವುದು. ಹಸಿರು ನೋಟು ಖಾಲಿಯಾದರೆ? ಮನೆಯಲ್ಲಿ ಎಷ್ಟು ತೆಂಗಿನಕಾಯಿ ಇದ್ದರೂ ಒಲೆ ಹತ್ತುವುದಿಲ್ಲ. ಶ್ರೀಲಂಕಾಕ್ಕೆ ಆಗಿದ್ದು ಇದೇ. ಆ ನೋಟಿನ ಹೆಸರು ಡಾಲರ್.

ಡಾಲರ್ ಬರುತ್ತಿದ್ದ ದಾರಿಗಳು ಒಂದೊಂದಾಗಿ ಮುಚ್ಚಿದವು. 2019ರ ಏಪ್ರಿಲ್ 21ರ ಈಸ್ಟರ್ ಬಾಂಬ್ ದಾಳಿಯಿಂದ ಪ್ರವಾಸಿಗರು ಕಡಿಮೆಯಾದರು. ಮುಂದಿನ ವರ್ಷ ಕೋವಿಡ್ ಬಂದು ಉಳಿದವರೂ ನಿಂತರು. ವಿದೇಶದಲ್ಲಿ ದುಡಿಯುವವರು ಕಳಿಸುವ ಹಣವೂ ಇಳಿಯಿತು. ಇದರ ನಡುವೆ ಸರ್ಕಾರ ತೆರಿಗೆ ಇಳಿಸಿತ್ತು, ತಲೆ ಮೇಲೆ ದೊಡ್ಡ ವಿದೇಶಿ ಸಾಲವೂ ಇತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿದರು. ಭತ್ತದ ಇಳುವರಿ ಬಿತ್ತು, ಚಹಾಕ್ಕೂ ಪೆಟ್ಟು ಬಿತ್ತು. ಅದೇ ವರ್ಷ ಆ ತೀರ್ಮಾನವನ್ನು ವಾಪಸ್ ತಗೊಂಡರೂ ಆಗಬೇಕಾದ್ದು ಆಗಿತ್ತು.

2022 ಬರುವ ಹೊತ್ತಿಗೆ ಪೆಟ್ರೋಲ್ ಬಂಕಿನ ಮುಂದೆ ದಿನಗಟ್ಟಲೆ ಸಾಲು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ. ಕಾಗದ ಇಲ್ಲ ಅಂತ ಶಾಲೆಯ ಪರೀಕ್ಷೆ ಮುಂದೂಡಿದರು. ಮಾರ್ಚ್ ಮೊದಲಿಗೆ ಒಂದು ಡಾಲರಿಗೆ ಸುಮಾರು 200 ಇದ್ದ ಅಲ್ಲಿನ ರೂಪಾಯಿ ಮೇ ಹೊತ್ತಿಗೆ 360ರ ಹತ್ತಿರ ಹೋಯಿತು. ಏಪ್ರಿಲ್ 12ರಂದು ಸರ್ಕಾರ ‘ವಿದೇಶಿ ಸಾಲ ಸದ್ಯಕ್ಕೆ ಕಟ್ಟಲಾಗದು’ ಅಂತ ಕೈಯೆತ್ತಿತು. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಸೆಪ್ಟೆಂಬರಿನಲ್ಲಿ ಬೆಲೆಏರಿಕೆ ಶೇ. 70ರ ಅಂಚಿಗೆ ಬಂತು. ಹೋದ ವರ್ಷ 100 ರೂಪಾಯಿಗೆ ತಂದ ಚೀಲಕ್ಕೆ ಈ ವರ್ಷ 170 ಕೊಡಬೇಕು ಅಂತ ಲೆಕ್ಕ ಹಾಕಿ. ಸಂಬಳ ಮಾತ್ರ ಅಷ್ಟೇ.

ಅಧ್ಯಕ್ಷರು ವಿಮಾನದಲ್ಲಿ ಹೋದರು. ಉಳಿದವರಿಗೆ ದೋಣಿ.

ಮೂವತ್ತು ಕಿಲೋಮೀಟರ್ ನೀರು

ಮನ್ನಾರ್ ದ್ವೀಪದ ತಲೈಮನ್ನಾರಿನಿಂದ ನಮ್ಮ ಧನುಷ್ಕೋಡಿಗೆ ಸುಮಾರು 30 ಕಿಲೋಮೀಟರ್. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಹೋದಷ್ಟು ದೂರ. ನಡುವೆ ರಾಮಸೇತುವಿನ ಮರಳು ದಿಬ್ಬಗಳಿವೆ. ಕೆಲವು ದೋಣಿಯವರು ಅಲ್ಲೇ ಯಾವುದೋ ದಿಬ್ಬದ ಮೇಲೆ ಜನರನ್ನು ಇಳಿಸಿ ವಾಪಸ್ ಹೋಗಿಬಿಡುತ್ತಾರೆ. 2022ರ ಮಾರ್ಚ್ 22ರಂದು ಬಂದ ಮೊದಲ ಗುಂಪಿನಲ್ಲಿ ಮಕ್ಕಳೂ ಸೇರಿ ಆರು ಜನ ಇದ್ದರು. ಹಾಗೇ ದಿಬ್ಬದ ಮೇಲೆ ಸಿಕ್ಕಿಕೊಂಡಿದ್ದವರನ್ನು ಕರಾವಳಿ ಕಾವಲು ಪಡೆ ಕರೆತಂದಿತು. ಅದೇ ದಿನ ಇನ್ನೂ ಹತ್ತು ಜನ ಬಂದರು. ಮುಂದೆ ಇನ್ನೂರು ದಾಟಿತು. ಸಿನಿಮಾದ ಕುಟುಂಬ ಕಲ್ಪನೆಯದು, ದಾರಿ ಮಾತ್ರ ನಿಜದ್ದು.

ಇದೇ ದಾರಿಯಲ್ಲಿ ಒಂದು ಕಾಲಕ್ಕೆ ಜನ ಟಿಕೆಟ್ ತಗೊಂಡು ಹೋಗುತ್ತಿದ್ದರು. 1914ರಿಂದ ಮದರಾಸಿನಲ್ಲಿ ರೈಲು ಹತ್ತಿ, ಧನುಷ್ಕೋಡಿಯಲ್ಲಿ ಹಡಗಿಗೆ ಇಳಿದು, ತಲೈಮನ್ನಾರಿನಲ್ಲಿ ಮತ್ತೆ ರೈಲು ಹಿಡಿದು ಕೊಲಂಬೋ ಸೇರಬಹುದಿತ್ತು. ಬೋಟ್ ಮೇಲ್ ಅನ್ನುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿ ಊರನ್ನೇ ನುಂಗಿತು. ರೈಲಿನ ಹಳಿಯೂ ಹೋಯಿತು.

ಶ್ರೀಲಂಕಾದ ತಮಿಳರು ಒಂದೇ ಗುಂಪಲ್ಲ

ಇಲ್ಲೇ ಎಲ್ಲರೂ ಎಡವುವುದು. ಉತ್ತರ ಮತ್ತು ಪೂರ್ವದ ಜಾಫ್ನಾ, ತ್ರಿಂಕೋಮಲಿ, ಮಟ್ಟಕ್ಕಳಪ್ಪು ಕಡೆಯವರು ಸಾವಿರಾರು ವರ್ಷದಿಂದ ಅಲ್ಲಿನವರೇ. ಯುದ್ಧ ನಡೆದಿದ್ದು ಅವರ ನೆಲದಲ್ಲಿ. ಇನ್ನೊಂದು ಗುಂಪು ಶ್ರೀಲಂಕಾದ ನಡುವಿನ ಬೆಟ್ಟದ ಸೀಮೆಯ ತಮಿಳರು. ಇಂಗ್ಲಿಷರು 1820ರ ದಶಕದಿಂದ ಕಾಫಿ ತೋಟಕ್ಕೆ, ಆಮೇಲೆ ಚಹಾ ತೋಟಕ್ಕೆ ಅಂತ ತಮಿಳುನಾಡಿನಿಂದ ಕರೆದೊಯ್ದ ಕೂಲಿಕಾರರ ಮಕ್ಕಳು, ಮೊಮ್ಮಕ್ಕಳು.

ಸ್ವಾತಂತ್ರ್ಯ ಬಂದ 1948ರಲ್ಲೇ ಅಲ್ಲಿನ ಪೌರತ್ವ ಕಾಯ್ದೆ ಈ ತೋಟದವರನ್ನು ಹೊರಗಿಟ್ಟಿತು. ಯಾವ ದೇಶಕ್ಕೂ ಸೇರದೆ ಉಳಿದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ. ಉಳಿದವರ ಲೆಕ್ಕ 1974ರಲ್ಲಿ ಅರ್ಧರ್ಧ ಆಯಿತು. ಆಸ್ತಿ ಪಾಲು ಮಾಡಿದ ಹಾಗೆ ಜನರನ್ನು ಪಾಲು ಮಾಡಿದ್ದು.

ಅವರಲ್ಲಿ ಕೆಲವರು ನಮ್ಮಲ್ಲೇ ಇದ್ದಾರೆ. ಸುಳ್ಯ, ಪುತ್ತೂರಿನ ಕಡೆ ಹೋದರೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಸಿಗುತ್ತವೆ. ಬೆಳಗಿನ ಜಾವ ಅಲ್ಲಿ ರಬ್ಬರ್ ಮರ ಕೀಸುವವರಲ್ಲಿ ಹೆಚ್ಚಿನವರು ಆ ಒಪ್ಪಂದದಲ್ಲಿ ಬಂದ ಮನೆಯವರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವರು ಪಾಸ್‌ಪೋರ್ಟ್ ಹಿಡಿದು, ಸರ್ಕಾರವೇ ಕರೆದು ಬಂದವರು, ಭಾರತದ ಪ್ರಜೆಗಳು. ಸಿನಿಮಾದ ಕುಟುಂಬದ ಲೆಕ್ಕ ಬೇರೆ.

ಎರಡೇ ಡಬ್ಬಿ

ಅಮ್ಮನ ಎರಡನೇ ಪ್ರಶ್ನೆ ಇದಾಗಿತ್ತು. “ಕಷ್ಟ ಅಂತ ಬಂದವರು ತಾನೇ? ನಿರಾಶ್ರಿತರು ಅಂತ ಬರೆದುಕೊಂಡರೆ ಮುಗೀತಲ್ಲ?”

ಮುಗಿಯುವುದಿಲ್ಲ. ನಮ್ಮ ಕಾನೂನಿನಲ್ಲಿ ಇರುವುದು ಎರಡೇ ಡಬ್ಬಿ: ಪ್ರಜೆ, ಇಲ್ಲವೇ ವಿದೇಶಿ. ‘ನಿರಾಶ್ರಿತ’ ಅನ್ನುವ ಮೂರನೇ ಡಬ್ಬಿ ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಸ್ವಂತ ನಿರಾಶ್ರಿತರ ಕಾಯ್ದೆಯನ್ನೂ ಮಾಡಿಲ್ಲ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದ ವಿದೇಶಿಯನ್ನು ಪೌರತ್ವ ಕಾಯ್ದೆ ‘ಅಕ್ರಮ ವಲಸಿಗ’ ಅನ್ನುತ್ತದೆ. ಕಣ್ಣೀರು ಹಾಕುತ್ತಾ ಬಂದರೂ ಅದೇ ಹೆಸರು, ಕಳ್ಳಸಾಗಣೆಗೆ ಬಂದರೂ ಅದೇ ಹೆಸರು. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನೊಂದು ತೊಡಕಿದೆ. ಆ 1951ರ ಒಪ್ಪಂದವನ್ನೇ ಹಿಡಿದರೂ ಈ ಕುಟುಂಬ ಅದರೊಳಗೆ ಸುಲಭವಾಗಿ ಕೂರುವುದಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ಇವುಗಳ ಕಾರಣಕ್ಕೆ ಕಿರುಕುಳದ ಭಯ ಇದ್ದವರು ಅದರ ಪ್ರಕಾರ ನಿರಾಶ್ರಿತರು. ಅಕ್ಕಿ ಕೊಳ್ಳಲಾಗದೆ ಬಂದವರು ಅಲ್ಲ. 1983ರಲ್ಲಿ ಕೊಲಂಬೋದಲ್ಲಿ ತಮಿಳರ ಮೇಲೆ ನಡೆದ ಗಲಭೆಯಿಂದ ತಪ್ಪಿಸಿಕೊಂಡು ಬಂದವರಿಗೂ 2022ರಲ್ಲಿ ಬಂದವರಿಗೂ ದೋಣಿ ಒಂದೇ, ಕಾರಣ ಬೇರೆ.

ಹಾಗಾದರೆ ಇಷ್ಟು ವರ್ಷ ಲಕ್ಷಗಟ್ಟಲೆ ಜನ ಹೇಗೆ ಇದ್ದಾರೆ? ಸರ್ಕಾರದ ಆದೇಶದ ಮೇಲೆ. ಕಾನೂನು ಬಾಗಿಲು ಹಾಕಿದ್ದರೂ ಸರ್ಕಾರ ಕಿಟಕಿ ತೆರೆದಿಡುತ್ತದೆ. ನಮ್ಮ ಬೈಲುಕುಪ್ಪೆಯನ್ನೇ ನೋಡಿ. 1960ರ ಹೊತ್ತಿಗೆ ಟಿಬೆಟಿಯನ್ನರಿಗೆ ಜಾಗ ಕೊಟ್ಟು ನೆಲೆ ಮಾಡಿಕೊಟ್ಟರು, ಅವರಿಗೆ ನೋಂದಣಿ ಪತ್ರ ಇದೆ. ತಮಿಳುನಾಡಿನಲ್ಲಿ ಶ್ರೀಲಂಕಾದವರಿಗೆ ನೂರಕ್ಕೂ ಹೆಚ್ಚು ಶಿಬಿರಗಳಿವೆ. 2021ರಲ್ಲಿ ರಾಜ್ಯ ಸರ್ಕಾರ ‘ನಿರಾಶ್ರಿತರ ಶಿಬಿರ’ ಅನ್ನುವ ಹೆಸರನ್ನು ‘ಪುನರ್ವಸತಿ ಶಿಬಿರ’ ಅಂತ ಬದಲಿಸಿತು. ತಿಂಗಳ ಸಹಾಯಧನವನ್ನು ಮನೆಯ ಯಜಮಾನನಿಗೆ 1,500, ಉಳಿದ ದೊಡ್ಡವರಿಗೆ 1,000, ಮಕ್ಕಳಿಗೆ 500 ರೂಪಾಯಿಗೆ ಏರಿಸಿತು. ಅಲ್ಲಿ ಹಾಜರಿ ಹಾಕುವ ಪದ್ಧತಿಯೂ ಇದೆ.

ದೋಣಿಯಿಂದ ಇಳಿದವರನ್ನು ಮೊದಲು ಒಯ್ಯುವುದು ರಾಮೇಶ್ವರದ ಪಕ್ಕದ ಮಂಡಪಂ ಶಿಬಿರಕ್ಕೆ. ಈ ಜಾಗದ ಹಿಂದಿನ ಕಥೆ ಕೇಳಿದರೆ ಮೈ ಜುಮ್ ಅನ್ನುತ್ತದೆ. ಇಂಗ್ಲಿಷರ ಕಾಲದಲ್ಲಿ ಸಿಲೋನಿನ ಚಹಾ ತೋಟಕ್ಕೆ ಹೊರಟ ಕೂಲಿಗಳನ್ನು, ರೋಗ ಗೀಗ ಇದೆಯಾ ಅಂತ ನೋಡಲು ಕೂಡಿಹಾಕುತ್ತಿದ್ದದ್ದು ಇಲ್ಲೇ. ಹೋಗುವಾಗಲೂ ಮಂಡಪಂ, ಬರುವಾಗಲೂ ಮಂಡಪಂ.

ಸಿನಿಮಾದ ಕುಟುಂಬ ಈ ಶಿಬಿರದ ದಾರಿಯನ್ನೇ ಹಿಡಿಯುವುದಿಲ್ಲ. ಎಲ್ಲರ ಹಾಗೆ ಬಾಡಿಗೆ ಮನೆ, ಕೆಲಸ, ಬೀದಿ ಬೇಕು ಅನ್ನುವುದು ಅವರ ಆಸೆ. ಅದಕ್ಕೇ ಯಾವ ಕಿಟಕಿಯೂ ಅವರಿಗಿಲ್ಲ.

ಪೌರತ್ವದ ಮಾತೂ ಬಂತು. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರಿಗೆ ಮಾತ್ರ. ಶ್ರೀಲಂಕಾ ಪಟ್ಟಿಯಲ್ಲಿ ಇಲ್ಲ. ಇಲ್ಲೇ ಹುಟ್ಟಿದ ಮಕ್ಕಳ ಗತಿ? 1987ರ ಜುಲೈಗೆ ಮೊದಲು ಹುಟ್ಟಿದ್ದರೆ ಹುಟ್ಟಿನಿಂದಲೇ ಪ್ರಜೆ. ಆಮೇಲೆ ಹುಟ್ಟಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರಿನಿಂದ ಇನ್ನೂ ಬಿಗಿ, ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಹಾಗಾಗಿ ಶಿಬಿರದಲ್ಲೇ ಹುಟ್ಟಿ, ಓದಿ, ಮದುವೆಯಾದವರೂ ಕಾಗದದಲ್ಲಿ ಶ್ರೀಲಂಕಾದವರು.

ಸಿನಿಮಾ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ಅದೇ ಮೇ ತಿಂಗಳಲ್ಲಿ, ಶ್ರೀಲಂಕಾದ ಒಬ್ಬ ತಮಿಳರು ಇಲ್ಲೇ ಇರಲು ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಭಾರತವೇನು ಧರ್ಮಶಾಲೆಯಾ ಅನ್ನುವ ಅರ್ಥದ ಮಾತು ಪೀಠದಿಂದ ಬಂತು. ಅರ್ಜಿ ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಲ್ಪ ಸಡಿಲಿಸಿತು. 2015ರ ಜನವರಿ 9ರವರೆಗೆ ಬಂದು ಹೆಸರು ನೋಂದಾಯಿಸಿದ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲ ಅನ್ನುವ ಕಾರಣಕ್ಕೆ ಶಿಕ್ಷೆ ಇಲ್ಲ. ಡಾಲರು ಖಾಲಿಯಾದ ಮೇಲೆ ದೋಣಿ ಹತ್ತಿದವರಿಗೆ ಇದು ಅನ್ವಯಿಸುವುದಿಲ್ಲ.

ಪೊಲೀಸರಿಗೆ ಯಾಕೆ ಅಷ್ಟು ಅನುಮಾನ

ಈ ಭಾಗ ನಾನು ಹೇಳಬೇಕಾಗಲೇ ಇಲ್ಲ. ಅಮ್ಮನಿಗೇ ನೆನಪಿತ್ತು.

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಮಾಡಿದ್ದು ಎಲ್‌ಟಿಟಿಇ. ತಂಡದ ಮುಖ್ಯಸ್ಥ ಶಿವರಸನ್ ತಪ್ಪಿಸಿಕೊಂಡು ಬಂದು ಅಡಗಿದ್ದು ಬೆಂಗಳೂರಿನಲ್ಲಿ. ಆಗಸ್ಟ್‌ನಲ್ಲಿ ಕೋಣನಕುಂಟೆಯ ಒಂದು ಬಾಡಿಗೆ ಮನೆಯನ್ನು ಪೊಲೀಸರು ಸುತ್ತುವರಿದರು. ಒಳಗೆ ಹೋಗುವಷ್ಟರಲ್ಲಿ ಅವನೂ ಜೊತೆಗಿದ್ದವರೂ ಸತ್ತಿದ್ದರು. ಆ ದಿನಗಳಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲ ತಮಿಳು ಮಾತಾಡಿದವರನ್ನು ಎರಡೆರಡು ಸಲ ನೋಡುತ್ತಿದ್ದರು ಅಂದರು ಅಮ್ಮ.

ತಮಿಳುನಾಡಿನಲ್ಲಿ ಅದಕ್ಕೂ ಹಿಂದೆ ಈ ಜನರ ಮೇಲೆ ತುಂಬು ಕನಿಕರ ಇತ್ತು. ಹತ್ಯೆಯ ನಂತರ ಕನಿಕರದ ಪಕ್ಕದಲ್ಲೇ ಅನುಮಾನವೂ ಬಂದು ಕೂತಿತು. ಸಿನಿಮಾದಲ್ಲಿ ಕುಟುಂಬ ಬಂದಿಳಿದ ಹೊತ್ತಿಗೆ ರಾಮೇಶ್ವರದಲ್ಲಿ ಒಂದು ಸ್ಫೋಟ ಆಗುತ್ತದೆ, ಅನುಮಾನ ಇವರ ಕಡೆ ತಿರುಗುತ್ತದೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಇದು ಕಥೆ ಎಳೆಯಲು ತಂದ ಗಿಮಿಕ್ ಅನ್ನಿಸಬಹುದು. ಗೊತ್ತಿದ್ದವರಿಗೆ ಹಾಗನ್ನಿಸುವುದಿಲ್ಲ.

ನನ್ನ ದೂರು ಒಂದೇ. ಕಾನೂನಿನ ಈ ಗಂಟನ್ನೆಲ್ಲ ಸಿನಿಮಾ ಬಿಚ್ಚುವುದೇ ಇಲ್ಲ. ಒಳ್ಳೆಯತನದಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವ ಹಾಗೆ ಸಾಗುತ್ತದೆ, ಕೆಟ್ಟ ನೆರೆಯವರು ಬೇಗ ಬೇಗ ಒಳ್ಳೆಯವರಾಗುತ್ತಾರೆ. ಆದರೂ ನಡುವೆ ಬರುವ ಒಂದು ಸಾವಿನ ದೃಶ್ಯದಲ್ಲಿ, ಒಬ್ಬರಿಗೊಬ್ಬರು ಗುರುತಿಲ್ಲದ ಬೀದಿಯವರು ಒಬ್ಬೊಬ್ಬರಾಗಿ ಬಂದು ಸೇರುವಾಗ, ಈ ದೂರೆಲ್ಲ ನನಗೇ ಮರೆತುಹೋಗಿತ್ತು.

ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ. ‘ಓಂ’, ‘ಕದೈಕ್ಕಿರದು’ ನೆನಪಿಟ್ಟುಕೊಂಡು ನೋಡಿ, ಒಂದು ಕಿವಿ ಮಾತಿನ ಮೇಲೇ ಇರಲಿ.

ಮರುದಿನ ಅಮ್ಮ ಪೂರ್ತಿ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಸೌಟು ಸಾರು ಹಾಕಲು ಹೋದೆ. ತಟ್ಟೆಗೆ ಕೈ ಅಡ್ಡ ಹಿಡಿದು, “ಕಾಣುಂ, ಕಾಣುಂ” ಅಂದರು.